ನೂರು ರೊಟ್ಟಿ, ಎರಡು ಗಾಡಿ

ಲಾಡ್ಲೇಸಾಬ ಬಾನೆಟ್ ಎತ್ತಿ
ಉದ್ದನ ಸ್ಕ್ರೂಡ್ರೈವರಿನ ಹಿಡಿ ಕಿವಿಗೆ ಹಚ್ಚಿ
ಕಣ್ಣು ಮುಚ್ಚತಾನ.
ಬಸುರಿ ಹೊಟ್ಟಿಗೆ ಸೂಲಗಿತ್ತಿ ಕಿವಿ ಕೊಟ್ಟಂಗ.
ನಾವು ಉಸಿರು ಬಿಡವೊಲ್ಲಿವಿ,
ನಾನು, ದುಂಡವ್ವ, ಗಾಡಿ ಮಾಲಕ ಗಲಗಲಿ ವಕೀಲರು.

'ಟ್ಯಾಪೆಟ್ ಸ್ವಲ್ಪ ಮಾತಾಡತಾವ್ರಿ ಅಕ್ಕಾರ,
ವಯಸ್ಸಿಗೆ ತಕ್ಕ ಮಾತು.'

ಎರಡು ಸಾವಿರದ ಆರನೇ ಇಸವಿ ಗಾಡಿ,
ಬಣ್ಣ ಹಳೇ ಬೆಲ್ಲದ್ದು.
ವಕೀಲರ ಕೈಯಾಗ ರಟ್ಟಿನ ಡೈರಿ:
ಎಂದು ಪೆಟ್ರೋಲು, ಎಷ್ಟು ಲೀಟರ್, ಎಂದು ಆಯಿಲ್,
ಮನಗೂಳಿ ಅಗಸ್ಯಾಗ ಯಾರ ಎತ್ತು
ಬಾಗಲಿಗೆ ಕೋಡು ತಾಗಿಸಿತು, ತಾರೀಖಿನ ಸಮೇತ.

ನನ್ನ ಪರೀಕ್ಷೆ ಬ್ಯಾರೆ.
ಹಿಂದಿನ ಸೀಟಿನ್ಯಾಗ ನೂರು ಕಟಕ ರೊಟ್ಟಿ,
ಬಿಳೀ ಪಂಜೆಯೊಳಗ ಕಟ್ಟಿದ್ದು.
ಬಾಜೂಕ ದುಂಡವ್ವ.
ಒಲಿ ಮುಂದ ಇಪ್ಪತ್ತು ವರ್ಷ ಕುಂತ ಕಿವಿ ಅದು,
ರೊಟ್ಟಿ ಮುರದರ ಯಾವ ಅಂತಸ್ತಿಂದು ಅಂತ ಹೇಳತೈತಿ.

ತೊರವಿ ಹಾಸ್ಟೆಲ್ ತನಕ ಹೋಗಿ ಬಂದಿವಿ.
ಲಾಡ್ಲೇಸಾಬನ ಕೈಯಾಗ ಸ್ಟೇರಿಂಗ್,
ಬಾಜೂಕ ವಕೀಲರ ಕಾಲು ಇಲ್ಲದ ಬ್ರೇಕ್ ತುಳೀತಿತ್ತು:
'ಎರಡನೇ ಗೇರಿಗೆ ಒಂದು ಗಳಿಗಿ ತಾಳ್ರಿ,
ಹಾರ್ನ್ ಉದ್ದ ಒತ್ತಬ್ಯಾಡ್ರಿ, ಆಕಿಗೆ ಸೇರೂದಿಲ್ಲ,
ಬಿಸಲಾಗ ನಿಂದ್ರಸೂದಂತೂ ಬ್ಯಾಡs ಬ್ಯಾಡ.'
ಮುರದದ್ದು ಮೂರು ರೊಟ್ಟಿ.

ಸಿಂದಗಿ ನಾಕಾದಾಗ ಎರಡನೇದ್ದು.
ಬಿಳೀ ಗಾಡಿ, ಒಂಬತ್ತು ವರ್ಷ ಸಣ್ಣದು,
ಡ್ಯಾಶ್‌ಬೋರ್ಡಿಗೆ ತೆಂಗಿನೆಣ್ಣಿ ತಿಕ್ಕಿದ ಮಿಂಚು.
ಏಜೆಂಟ ಅವಧೂತ ಬೆರಳು ತೋರಸ್ದ:
'ಮೂವತ್ತೆರಡು ಸಾವಿರ ಕಿಲೋಮೀಟರಷ್ಟs ಓಡೇತ್ರಿ,
ಬ್ಯಾಂಕಿನ ಮೇಡಂದು.'

ಲಾಡ್ಲೇಸಾಬ ಮೀಟರ್ ನೋಡಲೇ ಇಲ್ಲ.
ಮಣಕಾಲೂರಿ ಬ್ರೇಕಿನ ಪೆಡಲ್ ಸವರಿದ.
ರಬ್ಬರ್ ಸವದು ಸವದು ಕಬ್ಬಿಣ ಹಣಿಕಿ ಹಾಕತಿತ್ತು.
ಆಮ್ಯಾಲೆ ಬಾಗಲದ ಬೀಡಿಂಗ್ ಉಗರಲೇ ಎಬ್ಬಿಸಿದ:
ಒಳಗ ಅರಿಷಿಣ.
'ಟ್ಯಾಕ್ಸಿ ಅಕ್ಕಾರ. ಎರಡು ಲಕ್ಷ ಓಡೇತಿ, ಕಡಿಮಿ ಅಂದ್ರ.'

ನನಗ ಸಿಟ್ಟು ಬರಬೇಕಿತ್ತು.
ಬಂದದ್ದು ನೆನಪು.
ಶಾಲಿಗೆ ಹಚ್ಚೂ ದಿನ ಹೆಡ್ಮಾಸ್ತರು
ನನ್ನ ಬಲಗೈ ತಲಿ ಮ್ಯಾಲಿಂದ ಹಾಯಿಸಿ
ಎಡಗಿವಿ ಮುಟ್ಟಿಸಿ, ಮುಟ್ಟದಿದ್ದರೂ ಮುಟ್ಟಿತು ಅಂದು
ಜೂನ್ ಒಂದು ಅಂತ ಬರದಿದ್ದರು.
ನನ್ನ ಮೀಟರೂ ಯಾರೋ ತಿರುವಿದ್ದs.
ಪೆಡಲ್ ಮಾತ್ರ,
ಈ ಅಂಗೈ, ಈ ಬಡಿದು ಬಡಿದು ಚಪ್ಪಟಾದ ಬೆರಳು,
ಖರೇ ಲೆಕ್ಕ ಹೇಳತಾವ.

ಸುಳ್ಳು ಹೇಳಿದಾಂವ ಅವಧೂತ. ಗಾಡಿ ಅಲ್ಲ.

ಇದರಾಗೂ ತೊರವಿಗೆ ಹೋದಿವಿ.
ದುಂಡವ್ವ ಎಣಿಸಿದಳು: ಏಳು.
ಒಂದು ತಾನs ತಿಂದಾಳ ಅಂತ ನನ್ನ ಗುಮಾನಿ.

ಮುರದ ತುಂಡಿಗೆ ಶೇಂಗಾ ಹಿಂಡಿ ಹಚಿಗೊಂತ
ನಾಕಾದ ಕಟ್ಟಿ ಮ್ಯಾಲ ಕುಂತಿವಿ ಮೂವರೂ.
'ಹಳೇದs ಛಲೋ,' ಅಂದ ಲಾಡ್ಲೇಸಾಬ, 'ನಿಯತ್ತಿಂದು.'
ಖರೇ. ಆದ್ರ ಆ ಡೈರಿ?
ಆ ಗಾಡಿ ತಗೊಂಡ್ರ ಮತ್ತೊಂದು ಅತ್ತಿಮನಿ ಹೊಕ್ಕಂಗ.
ಹಿಂಗ ಇಡು, ಹಂಗ ತುಳಿ, ಬಿಸಲಿಗೆ ನಿಲ್ಲಿಸಬ್ಯಾಡ.
ಒಂದು ಅತ್ತಿಮನಿ ನಾ ಬಾಳೇನಿ. ಸಾಕು.

ಎದ್ದು ಹೋಗಿ ಅವಧೂತಗ ಅಂದೆ:
'ಸುಳ್ಳಿಂದು ಇಪ್ಪತ್ತೈದು ಸಾವಿರ,
ಅರಿಷಿಣದ್ದು ಹತ್ತು, ನಾಕು ರೊಟ್ಟಿ ಹೆಚ್ಚಿಗಿ ಮುರದದ್ದಕ್ಕ ಐದು.
ಕಳದು ಹೇಳು.'
ಅವ ನಕ್ಕ. ನಾ ನಗಲಿಲ್ಲ.
ಕಡೀಕ ರೊಟ್ಟೀದು ಬಿಟ್ಟು ಉಳದದ್ದು ಒಪ್ಪಿದ.

ವಕೀಲರಿಗೆ ಫೋನ್ ಹಚ್ಚಿ ಇಲ್ಲ ಅಂದಾಗ
ಆ ಕಡಿಂದ ಒಂದು ಉಸಿರು, ಹಗರಾದದ್ದು:
'ಇರಲಿ ಬಿಡ್ರಿ. ಬಿಸಲಾಗ ನಿಂದ್ರಸ್ತಿದ್ರಿ.'

ಬೀಗದ ಕೈ ನನ್ನ ಸೆರಗಿನ ತುದಿಗೆ.
ದುಂಡವ್ವ ಗಾಡಿ ಸುತ್ತ ಒಂದು ಪ್ರದಕ್ಷಿಣಿ ಹಾಕಿ ಬಂದು
ಮೆತ್ತಗ ಕೇಳಿದಳು:
'ಅಲ್ಲವ್ವಾ, ನಡಸಾಕ ಎಂದು ಕಲ್ತಿ?'

ಬಾಯಾಗಿನ ರೊಟ್ಟಿ ನುಂಗಿ
ಚೀಲದಾಗಿಂದ ಕೆಂಪು ಅಕ್ಷರದ ಸ್ಟಿಕ್ಕರ್ ತಗದೆ.
ಲೈಸೆನ್ಸಿನ ಮ್ಯಾಲೂ ಜೂನ್ ಒಂದs ಐತಿ.